ಲೆಕ್ಕದ ಪುಸ್ತಕದ ಎಡಪುಟ

ಬಲಪುಟದಲ್ಲಿ ಬಟ್ಟೆ: ಆಸ್ಪತ್ರೆಯ ಹಾಸು ನಲವತ್ತು,
ಹೋಟೆಲಿನ ಟವೆಲು ನೂರಾಹತ್ತು, ಛತ್ರದ ಪರದೆ ಆರು.
ಎಡಪುಟದಲ್ಲಿ ಆಕಾಶ.
ಮಾವ ಹಾಗೆ ಶುರು ಮಾಡಿದ್ದು. ನಾನು ಬಿಡಲಿಲ್ಲ.

ಏಪ್ರಿಲ್ ಹದಿನೇಳು. ಹತ್ತೂವರೆಗೆ ಹಾಕಿದ ಹಾಸು
ಹನ್ನೊಂದಕ್ಕೆ ಹಪ್ಪಳ.
ಒಗೆಯುವ ಕಲ್ಲಿನ ಮೇಲೆ ಕಾಲಿಡಲಾಗದೆ
ಚಿಕ್ಕತಾಯಮ್ಮ ತನ್ನ ನೆರಳಿಗೆ ತಾನೇ ನೀರು ಚಿಮುಕಿಸಿದಳು.

ಹದಿನೆಂಟು. ಅದೇ.
ಹತ್ತೊಂಬತ್ತು. ಅದೇ. ನಲ್ಲಿ ತಿರುಗಿಸಿದರೆ ಬರೀ ಕೆಮ್ಮು.

ಇಪ್ಪತ್ತೆರಡು. ಮೂರು ಗಂಟೆಗೆ ಯಶವಂತಪುರದ ಕಡೆ ಕಪ್ಪಾಯಿತು.
ಮಣ್ಣಿನ ವಾಸನೆ ಬಂತು, ಮಳೆ ಬರಲಿಲ್ಲ.
ಯಾರದೋ ಮನೆಯ ಒಗ್ಗರಣೆ, ನಮ್ಮ ಮೂಗು.
ರೇಡಿಯೋ ಹೇಳಿತ್ತು, ಒಂದೆರಡು ಕಡೆ ಮಳೆಯಾಗುವ ಸಂಭವ.
ಆ ಒಂದೆರಡರಲ್ಲಿ ಒಂದು ಕಡೆ
ಸಾಮಾನ್ಯವಾಗಿ ನಮ್ಮ ಹಗ್ಗ.
ಇವತ್ತು ತಪ್ಪಿಸಿಕೊಂಡೆವು.

ಮಾವನಿಗೆ ಅಕ್ಷರ ಬರುತ್ತಿರಲಿಲ್ಲ, ಗುರುತು ಬರುತ್ತಿತ್ತು.
ಕರಿಗೇರಿನ ಮಸಿಯಲ್ಲಿ ಸೂಜಿ ಅದ್ದಿ
ಕಾಲರಿನ ಒಳಗೆ ಮನೆಗೊಂದು ಚುಕ್ಕಿ, ಗೆರೆ, ಕೊಕ್ಕೆ;
ಡಾಕ್ಟರ ಮನೆಗೆ ಜೋಡಿಗೆರೆ, ಪೋಸ್ಟ್‌ಮಾಸ್ಟರಿಗೆ ಮೀನಿನ ಬಾಲ.
ಅದೇ ಕೈಯಲ್ಲಿ ಆಕಾಶಕ್ಕೂ ಗುರುತು ಹಾಕಿದರು,
ಒಂದು ದಿನ ಇನ್ನೊಂದರ ಜೊತೆ ಕಲೆಸಿಹೋಗದ ಹಾಗೆ.
ಬೋಳು ಸೊನ್ನೆ ಬಿಸಿಲು. ಹೊಟ್ಟೆಯಲ್ಲಿ ಚುಕ್ಕಿಯಿದ್ದರೆ ಮೋಡ.
ಓರೆಗೆರೆ ಮಳೆ, ತುದಿಗೆ ಕೊಕ್ಕೆಯಿದ್ದರೆ ಗಾಳಿ ಸಮೇತ.
ಇನ್ನೊಂದಿದೆ, ಕತ್ತರಿಯಂಥದ್ದು, ಪಕ್ಕದಲ್ಲಿ ಎರಡು ಚುಕ್ಕಿ.
ಇಪ್ಪತ್ತು ವರ್ಷದ ಪುಸ್ತಕಗಳಲ್ಲಿ ಒಂಬತ್ತೇ ಸಲ.
ಏನದು ಅಂತ ಕೇಳಿದ್ದೆ.
‘ಅವತ್ತು ಹಂಗಿತ್ತು’ ಅಂದಿದ್ದರು.

ಮೇ ಎರಡು. ಭರಣಿ. ಹೊಲ ಇದ್ದವರಿಗೆ ಬಂಗಾರ,
ಹಗ್ಗ ಇದ್ದವರಿಗೆ ಎರಡನೇ ಒಗೆತ.
ನಾಲ್ಕು ಗಂಟೆಗೆ ಏರೋಪ್ಲೇನ್ ಚಿಟ್ಟೆಗಳು ಮೊಣಕಾಲೆತ್ತರಕ್ಕೆ ಇಳಿದವು.
ಓಡ್ರೋ ಅಂತ ಕೂಗಿದೆ.
ತಿರುಚಿದ ಜೋಡಿಹಗ್ಗದ ಸಂದಿಯಿಂದ ಅಂಚು ಕಿತ್ತು ಕಿತ್ತು
ಹೆಗಲ ತುಂಬ ಆಸ್ಪತ್ರೆ.
ಆಮೇಲೆ ಆಲಿಕಲ್ಲು. ತಗಡು, ಟಬ್ಬು, ಆಟೋದ ತಲೆ, ನಮ್ಮ ತಲೆ.
ಟೀ ಅಂಗಡಿ ಮೆಹಬೂಬನ ಹುಡುಗ
ಒಂದನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡ, ಅಮ್ಮನಿಗೆ ತೋರಿಸಲು.
ಮನೆ ಮುಟ್ಟುವಷ್ಟರಲ್ಲಿ ಒಂದು ಚಮಚ ನೀರು.
ಅದನ್ನೇ ತೋರಿಸಿದನಂತೆ.

ಮೂರು. ಏನೂ ಆಗಿಲ್ಲವೆಂಬಂತೆ ತಿಳಿಬಿಸಿಲು.
ಹೊಂಗೆಯ ಎಲೆಯೆಲ್ಲ ತೂತು. ಒಂದು ಪಂಚೆ ಇಲ್ಲ.

ನಾಲ್ಕು. ಪಂಚೆ ಸಿಕ್ಕಿತು, ಗುಲ್‌ಮೊಹರಿನ ತುದಿಯಲ್ಲಿ.
ಪಕ್ಕದಲ್ಲೇ ಹದ್ದು ಕೂತು ನೋಡುತ್ತಿತ್ತು, ಒಣಗಿತಾ ಅಂತ.

ಹದಿನಾಲ್ಕು. ಕೃತ್ತಿಕೆ. ಮಗಳ ಫೋನು ಹೇಳುತ್ತದೆ:
ಬೆಂಗಳೂರು, ಮೋಡ ಕವಿದ ವಾತಾವರಣ.
ಯಾವ ಬೆಂಗಳೂರು?
ಮಲ್ಲೇಶ್ವರದ ಹದಿನೈದನೇ ಕ್ರಾಸಿನಲ್ಲಿ ಕೊಡೆ, ಹದಿನೆಂಟರಲ್ಲಿ ಬಿಸಿಲು.
ನಡುವೆ ಹೂವಿನ ಪುಟ್ಟನರಸಮ್ಮ
ಅರ್ಧ ಬುಟ್ಟಿ ಮುಚ್ಚಿ ಅರ್ಧ ತೆರೆದು ಕೂತಿದ್ದಾಳೆ.

ಇಪ್ಪತ್ತೊಂದರಿಂದ ಇಪ್ಪತ್ತೈದು ಬರೆದಿಲ್ಲ. ಜಡಿ.
ಮನೆಯೊಳಗೇ ಹಗ್ಗ ಕಟ್ಟಿ, ಫ್ಯಾನು ಹಾಕಿ,
ಯಾರಯಾರದೋ ಸೀರೆಗಳ ಅಡಿಯಲ್ಲಿ ಬಗ್ಗಿ ಬಗ್ಗಿ ಉಂಡೆವು.
ಹಾಸು ತಡವಾಯಿತೆಂದು ಆಸ್ಪತ್ರೆಯವರು ನನ್ನನ್ನು ಬೈದರು.
ಮಳೆಗೆ ಫೋನ್ ನಂಬರ್ ಇಲ್ಲವಲ್ಲ.

ಇಪ್ಪತ್ತೊಂಬತ್ತು. ರೋಹಿಣಿ.
ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಬೆವರು.
ಎರಡೂವರೆಗೆ ಬಿಸಿಲಿನಲ್ಲೇ ಹನಿ ಶುರುವಾಯಿತು.
ನೆನೆಯುವಷ್ಟು ಇಲ್ಲ. ಬಿಡುವಷ್ಟು ಧೈರ್ಯವೂ ಇಲ್ಲ.
ಚಿಕ್ಕತಾಯಮ್ಮನ ಒಂದು ಕೈ ಹಗ್ಗದ ಮೇಲೆ, ಒಂದು ಹಣೆಗೆ.
ಘಾಟಿನ ಉದ್ದಕ್ಕೂ ಎಲ್ಲರೂ ಹಾಗೇ,
ಅರ್ಧ ತೆಗೆದ ಬಟ್ಟೆ ಹಿಡಿದು, ಮುಖ ಮೇಲೆತ್ತಿ,
ಯಾರಾದರೂ ಹೇಳಲಿ ಎಂದು.
ಗಾಳಿ ಕೂಡ ನಿಂತಿತ್ತು.

ಸಂಜೆ ಪುಸ್ತಕ ತೆಗೆದೆ. ಸೊನ್ನೆಯೇ? ಗೆರೆಯೇ?
ಕತ್ತರಿ ಹಾಕಿದೆ. ಪಕ್ಕದಲ್ಲಿ ಎರಡು ಚುಕ್ಕಿ.

ಬಲಪುಟ: ಟವೆಲು ಒಂದು ಕಡಿಮೆ.